ಕಾರ್ಡ್ ಖಾಲಿ ಮಾಡುವ ಮುನ್ನ

ಮೂರನೆಯ ದಿನಕ್ಕೆ ಕಾರ್ಡ್ ತುಂಬುತ್ತದೆ. ಮಳೆಗಾಲದಲ್ಲಿ ಕಪ್ಪೆಗಳನ್ನು ಹುಡುಕಿಕೊಂಡು ಆಗುಂಬೆಗೆ ಹೋದವರಿಗೂ, ಕಬಿನಿ ಹಿನ್ನೀರಿನ ದಂಡೆಯಲ್ಲಿ ಆನೆ ಹಿಂಡಿಗೆ ಕಾಯುವವರಿಗೂ, ಊರೂರು ಅಲೆದು ಶಾಸನಗಳ ಫೋಟೊ ತೆಗೆಯುವ ಸಂಶೋಧನಾ ವಿದ್ಯಾರ್ಥಿಗೂ ಎದುರಾಗುವ ಪೇಚು ಒಂದೇ. ನಾಳೆ ಬೆಳಗಿನ ಜೀಪು ಐದೂವರೆಗೆ ಹೊರಡುತ್ತದೆ, ಕಾರ್ಡಿನಲ್ಲಿ ಜಾಗವಿಲ್ಲ, ಪಕ್ಕದ ಪೇಟೆಯಲ್ಲಿ ಹೊಸ ಕಾರ್ಡ್ ಸಿಗುವುದಿಲ್ಲ. ಹೇಗೂ ಲ್ಯಾಪ್‌ಟಾಪಿಗೆ ಹಾಕಿಕೊಂಡಾಗಿದೆ, ಕಾರ್ಡನ್ನು ಫಾರ್ಮ್ಯಾಟ್ ಮಾಡಿಬಿಡೋಣ ಎನ್ನಿಸುತ್ತದೆ.

ತಡೆಯಬೇಕಾದ್ದು ಈ ಗಳಿಗೆಯನ್ನು. ಮಳೆ, ಕಳ್ಳತನ, ಕೈಜಾರಿ ಬೀಳುವುದು ಇವೆಲ್ಲ ನಿಮ್ಮನ್ನು ಕೇಳಿ ಬರುವುದಿಲ್ಲ. ಕಾರ್ಡ್ ಖಾಲಿ ಮಾಡುವ ನಿರ್ಧಾರ ಮಾತ್ರ ಪೂರ್ತಿ ನಿಮ್ಮದು. ಮುಂದೆ ಹೇಳಿರುವ ಕ್ರಮಗಳೆಲ್ಲ ಆ ನಿರ್ಧಾರವನ್ನು ಪ್ರವಾಸ ಮುಗಿಯುವವರೆಗೆ ಮುಂದೂಡುವುದಕ್ಕಾಗಿಯೇ ಇವೆ.

ರೀಲಿನ ಕಾಲದಲ್ಲಿ ಈ ಸಮಸ್ಯೆ ಇರಲಿಲ್ಲ. ಎಂ.ವೈ. ಘೋರ್ಪಡೆ, ಟಿ.ಎನ್.ಎ. ಪೆರುಮಾಳ್ ಅವರಂಥ ಹಿರಿಯರು ಕಾಡು ಸುತ್ತಿದ ದಿನಗಳಲ್ಲಿ ಒಂದು ರೀಲಿಗೆ 36 ಚಿತ್ರ. ಒಮ್ಮೆ ಬೆಳಕು ಕಂಡ ರೀಲನ್ನು ಮತ್ತೆ ಬಳಸುವಂತಿರಲಿಲ್ಲ, ಹಾಗಾಗಿ ಅದು ತಾನಾಗಿಯೇ ಉಳಿಯುತ್ತಿತ್ತು. ಕಾರ್ಡನ್ನು ಮತ್ತೆ ಮತ್ತೆ ಬಳಸಬಹುದು. ಅದರ ಅನುಕೂಲವೂ ಅಲ್ಲಿದೆ, ಅಪಾಯವೂ ಅಲ್ಲಿದೆ.

ಕಾರ್ಡಿನೊಳಗೆ ನಡೆಯುವುದೇನು?

ಮೆಮೊರಿ ಕಾರ್ಡಿನಲ್ಲಿ ತಿರುಗುವ ಭಾಗ ಯಾವುದೂ ಇಲ್ಲ. ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಾವೇಶವನ್ನು ಹಿಡಿದಿಟ್ಟು ಅದು ಮಾಹಿತಿ ಉಳಿಸಿಕೊಳ್ಳುತ್ತದೆ. ಚಿತ್ರದ ಮಾಹಿತಿ ಒಂದು ಕಡೆ ಇರುತ್ತದೆ. ಯಾವ ಚಿತ್ರ ಎಲ್ಲಿದೆ ಎಂದು ತಿಳಿಸುವ ಪಟ್ಟಿ, ಪುಸ್ತಕದ ಪರಿವಿಡಿಯಂತೆ, ಇನ್ನೊಂದು ಕಡೆ ಇರುತ್ತದೆ. ಒಂದು ಚಿತ್ರವನ್ನು ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಪಟ್ಟಿಯಲ್ಲಿನ ನಮೂದು ಮಾತ್ರ. ಕ್ಯಾಮೆರಾದ ಮಾಮೂಲಿ ಫಾರ್ಮ್ಯಾಟ್ ಕೂಡ ಬಹುಮಟ್ಟಿಗೆ ಇದನ್ನೇ ಮಾಡುತ್ತದೆ. ಅದರ ಮೇಲೆ ಹೊಸ ಚಿತ್ರ ಬಂದು ಕೂರುವವರೆಗೆ ಹಳೆಯದು ಅಲ್ಲೇ ಇರುತ್ತದೆ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಮೊದಲನೆಯದು, ಅಳಿಸಿಹೋದ ಚಿತ್ರ ಮರಳಿ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ, ಆದರೆ ಆ ಕಾರ್ಡಿನಲ್ಲಿ ಮುಂದೆ ಒಂದೂ ಚಿತ್ರ ತೆಗೆಯಬಾರದು. ಎರಡನೆಯದು, ಕ್ಯಾಮೆರಾ ಬರೆಯುತ್ತಿರುವಾಗ ಕಾರ್ಡ್ ಎಳೆದರೆ ಆ ಒಂದು ಚಿತ್ರವಷ್ಟೇ ಕೆಡುವುದಿಲ್ಲ. ಪಟ್ಟಿಯೇ ಅರ್ಧಕ್ಕೆ ನಿಂತು, ಇಡೀ ಕಾರ್ಡ್ ಖಾಲಿಯಂತೆ ಕಾಣಬಹುದು. ಒಂದೇ ಸಮನೆ ಹತ್ತಿಪ್ಪತ್ತು ಚಿತ್ರ ಕ್ಲಿಕ್ಕಿಸಿದ ಮೇಲೆ ಕ್ಯಾಮೆರಾದ ಪುಟ್ಟ ದೀಪ ಕೆಲವು ಸೆಕೆಂಡು ಮಿನುಗುತ್ತಲೇ ಇರುತ್ತದೆ. ಅದು ಆರುವವರೆಗೆ ಕಾರ್ಡಿನ ಮುಚ್ಚಳವನ್ನೂ ಬ್ಯಾಟರಿಯನ್ನೂ ಮುಟ್ಟಬೇಡಿ.

ಒಂದೇ ಪ್ರತಿ ಏಕೆ ಸಾಲದು?

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಅವರು ಡಿಜಿಟಲ್ ಚಿತ್ರಗಳ ನಿರ್ವಹಣೆ ಕುರಿತ ತಮ್ಮ ಪುಸ್ತಕದ ಮೂಲಕ ಜನಪ್ರಿಯಗೊಳಿಸಿದ 3-2-1 ಸೂತ್ರವನ್ನು ಇಂದು ಕಂಪ್ಯೂಟರ್ ಲೋಕವೆಲ್ಲ ಪಾಲಿಸುತ್ತದೆ. ಮೂರು ಪ್ರತಿ ಇರಬೇಕು, ಅವು ಎರಡು ಬಗೆಯ ಸಾಧನಗಳಲ್ಲಿ ಇರಬೇಕು, ಅವುಗಳಲ್ಲಿ ಒಂದು ಬೇರೆ ಜಾಗದಲ್ಲಿ ಇರಬೇಕು.

ಬೇರೆ ಜಾಗ ಎಂಬ ಮೂರನೆಯ ಷರತ್ತಿನ ಬೆಲೆ ಏನೆಂಬುದನ್ನು 1998ರಲ್ಲಿ ಪಿಕ್ಸಾರ್ ಸಂಸ್ಥೆ ಕಂಡಿತು. ಟಾಯ್ ಸ್ಟೋರಿ 2 ಚಿತ್ರ ತಯಾರಾಗುತ್ತಿದ್ದಾಗ ಯಾರೋ ಕೊಟ್ಟ ಒಂದು ತಪ್ಪು ಆಜ್ಞೆಯಿಂದ ಚಿತ್ರದ ಬಹುಪಾಲು ಕಡತಗಳು ಅಳಿಸಿಹೋದವು. ಬ್ಯಾಕಪ್ ಇದೆಯಲ್ಲ ಎಂದು ಅದನ್ನು ತೆರೆದರೆ, ಅದು ಸರಿಯಾಗಿ ಕೆಲಸ ಮಾಡುತ್ತಲೇ ಇರಲಿಲ್ಲ. ಚಿತ್ರತಂಡದ ಗ್ಯಾಲಿನ್ ಸಸ್ಮನ್ ಆಗ ಎಳೆಗೂಸಿನ ತಾಯಿ. ಮನೆಯಿಂದಲೇ ಕೆಲಸ ಮಾಡಲೆಂದು ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಕೊನೆಗೆ ಕೈಹಿಡಿದದ್ದು ಅದೇ. ಅಷ್ಟು ದೊಡ್ಡ ಸಂಸ್ಥೆಯಲ್ಲೂ ಬ್ಯಾಕಪ್ ಆಗುತ್ತಿದೆ ಎಂದು ನಂಬಿದ್ದರೇ ಹೊರತು ತೆರೆದು ನೋಡಿರಲಿಲ್ಲ.

ಕಾಡಿನಲ್ಲಿ ಈ ಸೂತ್ರವನ್ನು ಕೊಂಚ ಬದಲಿಸಿಕೊಳ್ಳಬೇಕಾಗುತ್ತದೆ. ಮೊದಲ ಪ್ರತಿ ಕಾರ್ಡಿನಲ್ಲೇ ಉಳಿಯಲಿ. ಎರಡನೆಯದು ಒಂದು ಎಸ್‌ಎಸ್‌ಡಿಯಲ್ಲಿ, ಮೂರನೆಯದು ಇನ್ನೊಂದು ಡಿಸ್ಕಿನಲ್ಲಿ ಅಥವಾ ಲ್ಯಾಪ್‌ಟಾಪಿನಲ್ಲಿ ಇರಲಿ. ಬೇರೆ ಊರಿಗೆ ಕಳಿಸುವುದು ಆಗದ ಮಾತಾದರೂ ಬೇರೆ ಚೀಲದಲ್ಲಿ, ಬೇರೆಯವರ ಕೈಯಲ್ಲಿ ಇಡುವುದಂತೂ ಸಾಧ್ಯ. ಕಾರ್ಡ್, ಡಿಸ್ಕ್, ಲ್ಯಾಪ್‌ಟಾಪ್ ಮೂರನ್ನೂ ಒಂದೇ ಕ್ಯಾಮೆರಾ ಚೀಲದಲ್ಲಿ ಇಟ್ಟು ಬಸ್ಸಿನ ಡಿಕ್ಕಿಗೆ ಹಾಕಿದರೆ, ಆ ಚೀಲ ಹೋದ ದಿನ ಮೂರು ಪ್ರತಿಯೂ ಹೋದಂತೆಯೇ.

ಹೊರಡುವ ಮುನ್ನ

1. ಲೆಕ್ಕ ಹಾಕಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 25ರಿಂದ 30 ಎಂಬಿ ಇರುತ್ತದೆ. 64 ಜಿಬಿ ಕಾರ್ಡಿಗೆ ಅಂಥವು ಎರಡು ಸಾವಿರದಷ್ಟು ಹಿಡಿಸುತ್ತವೆ. ಸೆಕೆಂಡಿಗೆ 100 ಮೆಗಾಬಿಟ್ ದರದ 4ಕೆ ವಿಡಿಯೊ ನಿಮಿಷಕ್ಕೆ 750 ಎಂಬಿ ತಿನ್ನುತ್ತದೆ, ಅದೇ ಕಾರ್ಡಿಗೆ 85 ನಿಮಿಷವೇ ಮಿತಿ. ದಿನಕ್ಕೆ 800 ರಾ ಚಿತ್ರ ತೆಗೆಯುವವರಿಗೆ ಐದು ದಿನಕ್ಕೆ 120 ಜಿಬಿ ಬೇಕು. ಅದರ ಮೇಲೆ ಅರ್ಧದಷ್ಟು ಸೇರಿಸಿ, ಮೂರು 64 ಜಿಬಿ ಕಾರ್ಡ್ ಕೊಂಡೊಯ್ಯಿರಿ. ಕಾರ್ಡುಗಳಿಗೆ ಮಾಡುವ ಖರ್ಚು ಪ್ರವಾಸದ ಉಳಿದ ಖರ್ಚಿಗೆ ಹೋಲಿಸಿದರೆ ಸಣ್ಣದು. ಹಣ ಉಳಿಸಬೇಕಾದ ಜಾಗ ಇದಲ್ಲ.

2. ಹೊಸ ಕಾರ್ಡನ್ನು ಮನೆಯಲ್ಲೇ ಪರೀಕ್ಷಿಸಿ. 128 ಜಿಬಿ ಎಂದು ಬರೆದುಕೊಂಡು ಒಳಗೆ ಅದರ ಕಾಲುಭಾಗವೂ ಇಲ್ಲದ ನಕಲಿ ಕಾರ್ಡುಗಳು ಮಾರುಕಟ್ಟೆಯಲ್ಲಿವೆ. ಅಂಥವು ತುಂಬಿದ ಮೇಲೂ ಬರೆದಂತೆ ನಟಿಸುತ್ತವೆ, ಚಿತ್ರ ಮಾತ್ರ ಉಳಿಯುವುದಿಲ್ಲ. ವಿಂಡೋಸ್‌ನಲ್ಲಿ ಎಚ್‌2ಟೆಸ್ಟ್‌ಡಬ್ಲ್ಯು, ಮ್ಯಾಕ್ ಮತ್ತು ಲಿನಕ್ಸ್‌ನಲ್ಲಿ ಎಫ್‌3 ಎಂಬ ಉಚಿತ ತಂತ್ರಾಂಶಗಳು ಕಾರ್ಡನ್ನು ಪೂರ್ತಿ ತುಂಬಿ, ಮತ್ತೆ ಓದಿ ಅಸಲಿಯತ್ತು ಹೇಳುತ್ತವೆ.

3. ಕಾರ್ಡುಗಳಿಗೆ ನಂಬರ್ ಹಾಕಿ. ಪ್ರತಿ ಕಾರ್ಡಿನ ಮೊದಲ ಚಿತ್ರ ಒಂದು ಚೀಟಿಯದಾಗಿರಲಿ, ಅದರಲ್ಲಿ ಕಾರ್ಡಿನ ನಂಬರ್, ತಾರೀಖು, ಜಾಗ ಮತ್ತು ನಿಮ್ಮ ಫೋನ್ ನಂಬರ್ ಇರಲಿ. ಕಾರ್ಡ್ ಕಳೆದು ಯಾರಿಗಾದರೂ ಸಿಕ್ಕರೆ ಅವರು ನೋಡುವ ಮೊದಲ ಚಿತ್ರ ಅದೇ ಆಗಿರುತ್ತದೆ.

4. ಡಿಸ್ಕನ್ನು ಎಕ್ಸ್‌ಫ್ಯಾಟ್ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಡಿಸ್ಕನ್ನು ಮ್ಯಾಕ್ ಓದುತ್ತದೆ, ಆದರೆ ಅದರ ಮೇಲೆ ಬರೆಯುವುದಿಲ್ಲ. ಅನೇಕ ಫೋನುಗಳಿಗೆ ಅದು ಕಾಣುವುದೇ ಇಲ್ಲ. ನಿಮ್ಮ ಲ್ಯಾಪ್‌ಟಾಪ್ ಕೈಕೊಟ್ಟು ಜತೆಗಾರರದನ್ನು ಬಳಸಬೇಕಾಗಿ ಬಂದಾಗ ಇದು ಗೊತ್ತಾಗುತ್ತದೆ.

5. ಎರಡು ಕಾರ್ಡ್ ಹಾಕುವ ಸೌಲಭ್ಯ ಕ್ಯಾಮೆರಾದಲ್ಲಿದ್ದರೆ ಸೆಟ್ಟಿಂಗ್ ನೋಡಿ. ಅನೇಕ ಕ್ಯಾಮೆರಾಗಳಲ್ಲಿ ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ಹೋಗುವಂತೆ ಇಟ್ಟಿರುತ್ತಾರೆ. ಅದನ್ನು ಬ್ಯಾಕಪ್‌ಗೆ ಬದಲಿಸಿದರೆ ಪ್ರತಿ ಚಿತ್ರವೂ ಕ್ಲಿಕ್ಕಿಸಿದ ಕ್ಷಣದಲ್ಲೇ ಎರಡು ಕಡೆ ಸೇರುತ್ತದೆ. ತುಳುನಾಡಿನ ಭೂತಕೋಲದಂಥ ಆಚರಣೆಯನ್ನು ರಾತ್ರಿಯಿಡೀ ದಾಖಲಿಸುವವರಿಗೆ ಇದು ಬೇಕೇ ಬೇಕು. ಕೋಲ ಮುಗಿದ ಮೇಲೆ ಇನ್ನೊಮ್ಮೆ ಮಾಡಿ ಎಂದು ಕೇಳುವಂತಿಲ್ಲ, ಮುಂದಿನದು ಮುಂದಿನ ವರ್ಷವೇ.

ರಾತ್ರಿಯ ಅರ್ಧ ಗಂಟೆ

ದಿನವಿಡೀ ಅಲೆದು ಬಂದ ಮೇಲೆ ಊಟ, ನಿದ್ದೆ ಬಿಟ್ಟು ಬೇರೇನೂ ಬೇಡವೆನ್ನಿಸುವುದು ಸಹಜ. ಕೆಲಸವನ್ನು ಊಟಕ್ಕೆ ಮುಂಚೆ ಶುರುಮಾಡಿದರೆ ಊಟ ಮುಗಿಯುವಷ್ಟರಲ್ಲಿ ಕಾಪಿ ಆಗಿರುತ್ತದೆ. ಸೆಕೆಂಡಿಗೆ 90 ಎಂಬಿ ಓದುವ ಕಾರ್ಡ್ ರೀಡರ್ ಇದ್ದರೆ ತುಂಬಿದ 64 ಜಿಬಿ ಕಾರ್ಡಿಗೆ 12 ನಿಮಿಷ ಸಾಕು. ಹಳೆಯ ಯುಎಸ್‌ಬಿ 2.0 ರೀಡರಿಗೆ ಅರ್ಧ ಗಂಟೆ ಬೇಕಾಗುತ್ತದೆ.

ಮಲೆನಾಡಿನ ಹೋಂಸ್ಟೇ ಒಂದರ ಮೇಜನ್ನು ಕಣ್ಣ ಮುಂದೆ ತಂದುಕೊಳ್ಳಿ. ಹೊರಗೆ ಜಡಿಮಳೆ, ಸಂಜೆಯಿಂದ ಎರಡು ಸಲ ಕರೆಂಟ್ ಹೋಗಿ ಬಂದಿದೆ. ಒದ್ದೆ ಕೋಟು ಬಾಗಿಲಾಚೆ ತೂಗುತ್ತಿದೆ, ಕಾಲ್ಚೀಲದಿಂದ ಉಂಬಳ ಕಿತ್ತದ್ದೂ ಆಗಿದೆ. ಮೊದಲು ಕೈ ಒರೆಸಿಕೊಂಡು ಮೇಜಿನ ಮೇಲೆ ಒಣ ಬಟ್ಟೆ ಹಾಸಬೇಕು. ಕಾರ್ಡನ್ನು ಹೊರತೆಗೆದು ಅದರ ಎಡ ಅಂಚಿನ ಪುಟ್ಟ ಗುಂಡಿಯನ್ನು ಕೆಳಕ್ಕೆ, ಲಾಕ್ ಕಡೆಗೆ, ಸರಿಸಬೇಕು. ಆಗ ಕಂಪ್ಯೂಟರ್ ಅದರ ಮೇಲೆ ಏನನ್ನೂ ಬರೆಯುವುದಿಲ್ಲ, ಕೈತಪ್ಪಿನಿಂದ ಏನೂ ಅಳಿಯುವುದಿಲ್ಲ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲೇ ಓಡಲಿ, ಕರೆಂಟ್ ಹೋದರೂ ಕಾಪಿ ನಡುವೆ ನಿಲ್ಲುವುದಿಲ್ಲ. ಆಮೇಲಿನ ಕ್ರಮ ಹೀಗೆ:

1. ತಾರೀಖು, ಜಾಗ, ಕಾರ್ಡ್ ನಂಬರ್ ಸೇರಿಸಿ ಹೊಸ ಫೋಲ್ಡರ್ ಮಾಡಿ. ಒಂದು ಕಾರ್ಡಿಗೆ ಒಂದು ಫೋಲ್ಡರ್ ಎಂಬ ನಿಯಮ ಬಿಡಬೇಡಿ. ಕ್ಯಾಮೆರಾ ಚಿತ್ರಗಳಿಗೆ ಕೊಡುವ ಸಂಖ್ಯೆ 9999 ಆದ ಮೇಲೆ ಮತ್ತೆ 0001ಕ್ಕೆ ಬರುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ ಒಂದೇ ಹೆಸರಿನ ಎರಡು ಚಿತ್ರಗಳಲ್ಲಿ ಒಂದು ಇನ್ನೊಂದನ್ನು ನುಂಗಿಬಿಡಬಹುದು.

2. ಕಾರ್ಡಿನ ಡಿಸಿಐಎಂ ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಕಟ್ ಮಾಡಿ ಪೇಸ್ಟ್ ಮಾಡುವುದು ಯಾವತ್ತೂ ಬೇಡ, ಅದರಲ್ಲಿ ಪ್ರತಿಯನ್ನು ತಾಳೆ ನೋಡುವ ಮುನ್ನವೇ ಮೂಲ ಹೋಗುತ್ತದೆ. ವಿಡಿಯೊ ತೆಗೆದಿದ್ದರೆ ಡಿಸಿಐಎಂನ ಹೊರಗೂ ಕಡತಗಳಿರಬಹುದು, ಆಗ ಇಡೀ ಕಾರ್ಡನ್ನೇ ಕಾಪಿ ಮಾಡಿ.

3. ಎರಡನೆಯ ಡಿಸ್ಕಿಗೂ ಕಾರ್ಡಿನಿಂದಲೇ ಕಾಪಿ ಮಾಡಿ. ಮೊದಲ ಡಿಸ್ಕಿನಿಂದ ಎರಡನೆಯದಕ್ಕೆ ಹಾಕಿದರೆ, ಮೊದಲ ಕಾಪಿಯಲ್ಲಿ ಆದ ದೋಷ ಎರಡನೆಯದಕ್ಕೂ ಅಂಟುತ್ತದೆ.

4. ತಾಳೆ ನೋಡಿ. ಕಡತಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ಸರಿಹೊಂದಬೇಕು. ಅಷ್ಟೇ ಸಾಲದು, ಗಾತ್ರ ಒಂದೇ ಇದ್ದರೂ ಒಳಗಿನ ಮಾಹಿತಿ ಕೆಟ್ಟಿರಬಹುದು. ಟೆರಾಕಾಪಿ ಎಂಬ ತಂತ್ರಾಂಶದಲ್ಲಿ ಕಾಪಿ ಆದ ಮೇಲೆ ಎರಡನ್ನೂ ಓದಿ ಹೋಲಿಸುವ ಆಯ್ಕೆ ಇದೆ. ಫ್ರೀಫೈಲ್‌ಸಿಂಕ್ ಕೂಡ ಒಳಗಿನ ಮಾಹಿತಿಯನ್ನೇ ಹೋಲಿಸಬಲ್ಲದು.

5. ಮೊದಲಿನ, ನಡುವಿನ ಮತ್ತು ಕೊನೆಯ ಕೆಲವು ಚಿತ್ರಗಳನ್ನು ಪೂರ್ತಿ ಗಾತ್ರದಲ್ಲಿ ತೆರೆದು ನೋಡಿ. ಇಲ್ಲಿ ಹಲವರು ಮೋಸಹೋಗುತ್ತಾರೆ. ರಾ ಫೈಲಿನೊಳಗೆ ಕ್ಯಾಮೆರಾ ಒಂದು ಜೆಪೆಗ್ ಚಿತ್ರವನ್ನೂ ಅಡಗಿಸಿಟ್ಟಿರುತ್ತದೆ. ಫೋಲ್ಡರಿನಲ್ಲಿ ಕಾಣುವ ಚಿಕ್ಕ ಚಿತ್ರ ಸಾಮಾನ್ಯವಾಗಿ ಅದೇ. ರಾ ಮಾಹಿತಿ ಪೂರ್ತಿ ಹಾಳಾಗಿದ್ದರೂ ಈ ಚಿಕ್ಕ ಚಿತ್ರ ಚೆನ್ನಾಗಿಯೇ ಕಾಣಬಹುದು. ರಾ ತೆರೆಯುವ ತಂತ್ರಾಂಶದಲ್ಲೇ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ.

6. ಡಿಸ್ಕನ್ನು ಇಜೆಕ್ಟ್ ಮಾಡಿಯೇ ತೆಗೆಯಿರಿ. ಕಾಪಿ ಮುಗಿಯಿತು ಎಂದು ಪರದೆ ಹೇಳಿದ ಮೇಲೂ ಕೊನೆಯ ತುಣುಕು ಕಂಪ್ಯೂಟರಿನ ನೆನಪಿನಲ್ಲೇ ಉಳಿದಿರಬಹುದು.

ಎಲ್ಲ ಮುಗಿದ ಮೇಲೆ ತುಂಬಿದ ಕಾರ್ಡನ್ನು ಪೆಟ್ಟಿಗೆಯಲ್ಲಿ ಬೋರಲು ಇಡಿ. ನೆಟ್ಟಗಿರುವುದು ಖಾಲಿ, ಬೋರಲಿರುವುದು ತುಂಬಿದ್ದು ಎಂಬ ಅಭ್ಯಾಸವಿದ್ದರೆ ಮಬ್ಬುಗತ್ತಲಲ್ಲಿ ಕಾರ್ಡ್ ಬದಲಿಸುವಾಗಲೂ ಗೊಂದಲವಾಗುವುದಿಲ್ಲ. ಆ ಪೆಟ್ಟಿಗೆ ನಿಮ್ಮ ಜೇಬಿನಲ್ಲಿರಲಿ, ಒಂದು ಡಿಸ್ಕ್ ಜತೆಗಾರರ ಚೀಲದಲ್ಲಿರಲಿ.

ಲ್ಯಾಪ್‌ಟಾಪ್ ಇಲ್ಲದಿದ್ದರೆ

ಕುಮಾರಪರ್ವತ ಏರುವವರು ಲ್ಯಾಪ್‌ಟಾಪ್ ಹೊರುವುದಿಲ್ಲ, ಹೊರಲೂ ಬೇಕಿಲ್ಲ. ಟೈಪ್-ಸಿ ಪೋರ್ಟಿನ ಫೋನ್, ಪುಟ್ಟ ಹಬ್, ಕಾರ್ಡ್ ರೀಡರ್ ಮತ್ತು ಎಸ್‌ಎಸ್‌ಡಿ ಇದ್ದರೆ ಫೋನಿನ ಫೈಲ್ಸ್ ಆ್ಯಪ್‌ನಲ್ಲೇ ಕಾರ್ಡಿನಿಂದ ಡಿಸ್ಕಿಗೆ ಕಾಪಿ ಮಾಡಬಹುದು. ಐಫೋನಿನಲ್ಲಿ 15ನೇ ಸರಣಿಯಿಂದ ಟೈಪ್-ಸಿ ಪೋರ್ಟ್ ಬಂದಿದೆ. ತಿರುಗುವ ಹಾರ್ಡ್ ಡಿಸ್ಕಿಗೆ ಫೋನಿನ ವಿದ್ಯುತ್ ಸಾಲದೆ ಹೋಗಬಹುದು, ಆದ್ದರಿಂದ ಪವರ್ ಬ್ಯಾಂಕ್ ಜೋಡಿಸುವ ಜಾಗವಿರುವ ಹಬ್ ಆರಿಸಿ. ಈ ಜೋಡಣೆ ನಿಮ್ಮ ಫೋನಿನಲ್ಲಿ ನಡೆಯುತ್ತದೆಯೇ ಎಂದು ಮನೆಯಲ್ಲೇ ಪೂರ್ತಿ ಕಾರ್ಡ್ ಕಾಪಿ ಮಾಡಿ ನೋಡಿ. ಬೆಟ್ಟದ ಮೇಲೆ ಮೊದಲ ಸಲ ಪ್ರಯತ್ನಿಸಬೇಡಿ.

ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕುವಂತಿಲ್ಲ. ವಿಶೇಷ ಅನುಮತಿಯಿಲ್ಲದೆ 100 ವ್ಯಾಟ್-ಅವರ್‌ವರೆಗೆ ಒಯ್ಯಬಹುದು. 20,000 ಎಂಎಎಚ್‌ನ ಪವರ್ ಬ್ಯಾಂಕ್ 74 ವ್ಯಾಟ್-ಅವರ್ ಆಗುತ್ತದೆ. ತಪಾಸಣೆಯ ಎಕ್ಸ್-ರೇಯಿಂದ ಮೆಮೊರಿ ಕಾರ್ಡಿಗೆ ತೊಂದರೆಯಿಲ್ಲ.

ಕ್ಲೌಡ್ ಇದೆಯಲ್ಲ ಎನ್ನುವವರಿಗೆ

64 ಜಿಬಿಯನ್ನು ಸೆಕೆಂಡಿಗೆ 10 ಮೆಗಾಬಿಟ್ ಅಪ್‌ಲೋಡ್ ವೇಗದಲ್ಲಿ ಕಳಿಸಲು ಹದಿನಾಲ್ಕು ಗಂಟೆಗೂ ಹೆಚ್ಚು ಬೇಕು, ಅದೂ ಒಮ್ಮೆಯೂ ಸಂಪರ್ಕ ಕಡಿಯದಿದ್ದರೆ. ಘಟ್ಟದ ಮೇಲಾಗಲಿ ನಾಗರಹೊಳೆಯ ಅಂಚಿನಲ್ಲಾಗಲಿ ಆ ವೇಗವನ್ನು ನಂಬಿ ಕೂರುವಂತಿಲ್ಲ. ಹಾಗೆಂದು ಕ್ಲೌಡನ್ನು ಪೂರ್ತಿ ಬಿಡಬೇಕಿಲ್ಲ. ಆ ದಿನದ ಅತ್ಯುತ್ತಮ ಇಪ್ಪತ್ತು ಚಿತ್ರಗಳ ಜೆಪೆಗ್ ಪ್ರತಿಯನ್ನು ಕ್ಯಾಮೆರಾದ ವೈಫೈ ಮೂಲಕ ಫೋನಿಗೆ ತಂದು, ಸಿಗ್ನಲ್ ಸಿಕ್ಕ ಕಡೆ ಮೇಲೇರಿಸಿ. ಎಲ್ಲವೂ ಕೈತಪ್ಪಿದರೂ ಪ್ರಕಟಣೆಗೆ ತಕ್ಕ ಕೆಲವಾದರೂ ಉಳಿಯುತ್ತವೆ.

ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಮುಗಿಯಿತು. ಈಗ ಉಚಿತವಾಗಿ ಸಿಗುವ 15 ಜಿಬಿಯನ್ನು ಜಿಮೇಲ್ ಮತ್ತು ಡ್ರೈವ್ ಕೂಡ ಹಂಚಿಕೊಳ್ಳುತ್ತವೆ. ಜಾಗ ಉಳಿಸುವ ಆಯ್ಕೆ ಇಟ್ಟಿದ್ದರೆ ಚಿತ್ರಗಳು ಕುಗ್ಗುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೊ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ. ಇನ್ನೊಂದು ಮಾತು, ಫೋನಿನಲ್ಲಿ ಅಳಿಸಿದರೆ ಕ್ಲೌಡಿನಲ್ಲೂ ಅಳಿಯುವ ವ್ಯವಸ್ಥೆಗೆ ಸಿಂಕ್ ಎನ್ನುತ್ತಾರೆ. ಅದನ್ನು ಬ್ಯಾಕಪ್ ಎಂದು ನಂಬಬೇಡಿ.

ಮಳೆ, ತೇವ, ಧೂಳು

ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ತೆರೆದರೆ ತಣ್ಣಗಿನ ಲೋಹದ ಮೇಲೆ ತೇವ ಹನಿಗಟ್ಟುತ್ತದೆ. ಕಾರ್ಡಿನ ಚಿನ್ನದ ಬಣ್ಣದ ಪಟ್ಟಿಗಳ ಮೇಲೂ ಅದು ಕೂರಬಹುದು. ಚೀಲವನ್ನು ಮುಚ್ಚಿದಂತೆಯೇ ಅರ್ಧ ಗಂಟೆ ಹೊರಗಿನ ಹವೆಯಲ್ಲಿ ಬಿಡಿ. ಡಿಸ್ಕ್ ಮತ್ತು ಕಾರ್ಡುಗಳಿಗೆ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲ, ಒಳಗೆ ಸಿಲಿಕಾ ಜೆಲ್ ಸಾಕು. ಬಣ್ಣ ಬದಲಿಸುವ ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದರ ಕೆಲಸ ಮುಗಿಯಿತೆಂದರ್ಥ. ಆ ಬಣ್ಣಕ್ಕೆ ಬಳಸುವ ಕೋಬಾಲ್ಟ್ ಲವಣ ವಿಷಕಾರಿ, ಅಡುಗೆ ಪಾತ್ರೆಯಲ್ಲಿ ಹಾಕಿ ಬಿಸಿ ಮಾಡಬಾರದು.

ಕಾರ್ಡ್ ನೀರಿಗೆ ಬಿದ್ದರೆ ಗಾಬರಿ ಬೇಡ. ಶುದ್ಧ ನೀರಲ್ಲಿ ತೊಳೆದು, ಒಂದು ದಿನ ಪೂರ್ತಿ ಒಣಗಲು ಬಿಟ್ಟು ಆಮೇಲೆ ರೀಡರಿಗೆ ಹಾಕಿ. ಒದ್ದೆಯಿರುವಾಗ ವಿದ್ಯುತ್ ಹರಿಸುವುದೇ ಅದನ್ನು ಕೊಲ್ಲುವುದು. ಹಾರ್ಡ್ ಡಿಸ್ಕಿಗೆ ಬೇರೆ ಭಯವಿದೆ. ಅದರ ತಿರುಗುವ ತಟ್ಟೆಗೂ ಓದುವ ಮುಳ್ಳಿಗೂ ನಡುವಿನ ಅಂತರ ಕಣ್ಣಿಗೆ ಕಾಣದಷ್ಟು ಕಿರಿದು, ಓಡುವ ಜೀಪಿನಲ್ಲಿ ಕಾಪಿ ಮಾಡಿದರೆ ಒಂದು ಕುಲುಕಾಟಕ್ಕೆ ಅದು ತಾಗಬಹುದು. ಕ್ಷೇತ್ರಕ್ಕೆ ಎಸ್‌ಎಸ್‌ಡಿಯೇ ಲೇಸು.

ಸಾಮಾನ್ಯ ತಪ್ಪುಗಳು

ಚೆನ್ನಾಗಿ ಬಂದಿಲ್ಲವೆಂದು ಕ್ಯಾಮೆರಾದಲ್ಲೇ ಒಂದೊಂದಾಗಿ ಅಳಿಸುವುದು ಮೊದಲ ತಪ್ಪು. ಜೀಪಿನ ಅಲುಗಾಟದಲ್ಲಿ ಹುಲಿಯ ಚಿತ್ರದ ಮೇಲೆಯೇ ಬೆರಳು ಬೀಳಬಹುದು, ಚಿಕ್ಕ ಪರದೆಯಲ್ಲಿ ಮಂಜಾಗಿ ಕಂಡದ್ದು ದೊಡ್ಡದರಲ್ಲಿ ಸರಿಯಿರಲೂಬಹುದು. ಪಟ್ಟೆಗಳಿಂದ ಹುಲಿ ಗುರುತಿಸುವವರಿಗೆ ಮಂಕಾದ ಚಿತ್ರವೂ ಪುರಾವೆ. 2018ರ ಅಖಿಲ ಭಾರತ ಹುಲಿ ಗಣತಿಯಲ್ಲಿ 26,838 ಜಾಗಗಳಲ್ಲಿ ಇಟ್ಟ ಕ್ಯಾಮೆರಾಗಳಿಂದ 3.48 ಕೋಟಿ ಚಿತ್ರ ಬಂದವು. ಅವುಗಳಲ್ಲಿ ಹುಲಿಯವು 76,651. ಆ ಸಂಖ್ಯೆ ಸಿಕ್ಕಿದ್ದು ಎಲ್ಲವನ್ನೂ ತಂದು ಆಮೇಲೆ ವಿಂಗಡಿಸಿದ್ದರಿಂದ.

ಇನ್ನೊಂದು, ಕಾರ್ಡನ್ನು ಕಂಪ್ಯೂಟರಿನಲ್ಲಿ ಖಾಲಿ ಮಾಡುವುದು. ಮ್ಯಾಕ್‌ನಲ್ಲಿ ಅಳಿಸಿದ್ದು ಕಾರ್ಡಿನಲ್ಲೇ ಅಡಗಿದ ಕಸದ ಬುಟ್ಟಿಗೆ ಹೋಗಿ ಜಾಗ ಹಿಡಿದಿರುತ್ತದೆ. ಫಾರ್ಮ್ಯಾಟ್ ಮಾಡುವುದಿದ್ದರೆ ಚಿತ್ರ ತೆಗೆಯುವ ಕ್ಯಾಮೆರಾದಲ್ಲೇ ಮಾಡಬೇಕು.

ಕಾರ್ಡ್ ಓದಲಾಗದು ಎಂದು ಬಂದರೆ

ಪರದೆಯಲ್ಲಿ ಎರರ್ ಬಂದೊಡನೆ ಫಾರ್ಮ್ಯಾಟ್ ಮಾಡಲೇ ಎಂದು ಕಂಪ್ಯೂಟರ್ ಕೇಳುತ್ತದೆ. ಬೇಡ ಎನ್ನಿ. ಕಾರ್ಡ್ ಹೊರತೆಗೆದು, ಲಾಕ್ ಮಾಡಿ, ಕಾಗದದಲ್ಲಿ ಸುತ್ತಿ ಮೇಲೆ ಗುರುತು ಬರೆದು ಎತ್ತಿಡಿ. ಮೊದಲು ಬೇರೆ ರೀಡರಿನಲ್ಲಿ ನೋಡಿ, ಎಷ್ಟೋ ಸಲ ಕೆಟ್ಟಿರುವುದು ರೀಡರ್. ಆಗಲೂ ಓದದಿದ್ದರೆ ಊರಿಗೆ ಬಂದು ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಪ್ರಯತ್ನಿಸಿ. ಅದು ಕೆಟ್ಟ ಪಟ್ಟಿಯನ್ನು ಬದಿಗಿಟ್ಟು ಕಾರ್ಡಿನ ಮಾಹಿತಿಯಲ್ಲೇ ಚಿತ್ರಗಳ ಗುರುತು ಹುಡುಕುತ್ತದೆ. ಮರಳಿ ಸಿಕ್ಕ ಚಿತ್ರಗಳನ್ನು ಬೇರೆ ಡಿಸ್ಕಿಗೆ ಉಳಿಸಿ, ಅದೇ ಕಾರ್ಡಿಗೆ ಎಂದೂ ಬೇಡ. ಹಳೆಯ ಹೆಸರು ಉಳಿದಿರುವುದಿಲ್ಲ, ಚಿತ್ರ ಉಳಿದಿರುತ್ತದೆ. ಕಾರ್ಡ್ ಕಂಪ್ಯೂಟರಿಗೆ ಕಾಣುವುದೇ ಇಲ್ಲವೆಂದರೆ ಅದರೊಳಗಿನ ಬಿಡಿಭಾಗ ಕೆಟ್ಟಿರಬಹುದು, ಅದು ಪರಿಣತರ ಕೆಲಸ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದು ಮರಳಿ ಸಿಗುವುದು ಕಾರ್ಡಿಗಿಂತ ಬಹಳ ಕಷ್ಟ, ಖಾಲಿಯಾದ ಜಾಗವನ್ನು ಅನೇಕ ಸಲ ಅದು ತಾನಾಗಿಯೇ ಒರೆಸಿಬಿಡುತ್ತದೆ.

ಊರಿಗೆ ಬಂದ ಮೇಲೆ

ಬಂದ ರಾತ್ರಿಯೇ ಕಾರ್ಡುಗಳನ್ನು ಖಾಲಿ ಮಾಡಬೇಡಿ. ಮನೆಯ ಕಂಪ್ಯೂಟರಿಗೂ ಇನ್ನೊಂದು ಹಾರ್ಡ್ ಡಿಸ್ಕಿಗೂ ಕಾರ್ಡಿನಿಂದಲೇ ಇಳಿಸಿ, ತಾಳೆ ನೋಡಿ. ಒಂದು ಡಿಸ್ಕನ್ನು ಅಣ್ಣನ ಮನೆಯಲ್ಲೋ ಗೆಳೆಯರ ಮನೆಯಲ್ಲೋ ಇಡಿಸಿ. ಎಸ್‌ಎಸ್‌ಡಿಯನ್ನು ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬೀರುವಿನಲ್ಲಿ ಮರೆತುಬಿಡಬಾರದು, ಅದರ ಕೋಶಗಳಲ್ಲಿನ ಆವೇಶ ನಿಧಾನವಾಗಿ ಸೋರುತ್ತದೆ. ದೀರ್ಘಕಾಲ ಇಡುವುದಕ್ಕೆ ಹಾರ್ಡ್ ಡಿಸ್ಕ್ ಇರಲಿ, ಅದನ್ನೂ ವರ್ಷಕ್ಕೆ ಒಂದೆರಡು ಬಾರಿ ಹಚ್ಚಿ ಕೆಲವು ಚಿತ್ರ ತೆರೆದು ನೋಡಿ. ಇಷ್ಟೆಲ್ಲ ಆದ ಮೇಲೆ ಕಾರ್ಡಿನ ಗುಂಡಿಯನ್ನು ಮೇಲಕ್ಕೆ ಸರಿಸಿ, ಕ್ಯಾಮೆರಾಕ್ಕೆ ಹಾಕಿ ಫಾರ್ಮ್ಯಾಟ್ ಒತ್ತಬಹುದು.